ತೋಟದ ಕೆರೆ, ಶೂಟಿಂಗ್ ಮುಗಿದ ಮೇಲೆ

ಫೆಬ್ರವರಿ 16, 2025, ಭಾನುವಾರ
ಸಿದ್ದಾಪುರದ ಹತ್ತಿರ, ಕೊಡಗು

ಬೆಳಿಗ್ಗೆ ಎಂಟೂವರೆ. ಸಿನಿಮಾ ಶೂಟಿಂಗ್ ನಡೆದ ಕಾಫಿ ತೋಟದ ಕೆರೆಗೆ ಈಜಲು ಬಂದಿದ್ದೇವೆ. ಗಾಳಿ 17 ಡಿಗ್ರಿ, ಮೇಲ್ನೀರು 22, ಒಂದಾಳು ಕೆಳಗೆ 21. ಥರ್ಮಾಮೀಟರನ್ನು ಬರೀ ದಾರಕ್ಕೆ ಕಟ್ಟಿ ಬಿಟ್ಟರೆ ಮೇಲೆ ಎಳೆಯುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ. ಬಾಯಿ ತೆರೆದ ಬಾಟಲಿಯೊಳಗಿಟ್ಟು, ಕಲ್ಲು ಕಟ್ಟಿ ಇಳಿಸಿ ಐದು ನಿಮಿಷ ಬಿಡಬೇಕು.

ಕೆರೆ ನಾಲ್ಕು ಅಡಿ ಇಳಿದಿದೆ. ರೊಬಸ್ಟಾ ಕಾಫಿಗೆ ಹೂ ಬಿಡಿಸಲು ನೀರು ಹಾಯಿಸುವ ಕಾಲ, ಸ್ಪ್ರಿಂಕ್ಲರ್ ಗಂಟೆಗಟ್ಟಲೆ ಓಡುತ್ತದೆ. ಹೋದ ವಾರ ಎದೆಮಟ್ಟ ಇದ್ದ ಜಾಗ ಈಗ ಬರೀ ಕೆಸರು, ಹೋದ ವಾರ ಮುಳುಗಿದ್ದ ಬೊಡ್ಡೆ ಈಗ ಸರಿಯಾಗಿ ಮೊಣಕಾಲಿಗೆ ಬಡಿಯುವ ಮಟ್ಟದಲ್ಲಿದೆ. ತೋಟದವರ ಒಪ್ಪಿಗೆ ಪಡೆದರೆ ಸಾಲದು, ಮೋಟರ್ ಯಾವಾಗ ಹಾಕುತ್ತಾರೆಂದು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಕೇಳಿಕೊಳ್ಳಬೇಕು. ನೀರೆಳೆಯುವ ಪೈಪಿನ ಬಾಯಿ, ಅಂದರೆ ಫುಟ್‌ವಾಲ್ವ್ ಇರುವ ಮೂಲೆಗೆ ಮೋಟರ್ ನಿಂತಿದ್ದಾಗಲೂ ಹೋಗುವಂತಿಲ್ಲ. ಕರೆಂಟ್ ಹೋಗಿ ನಿಂತ ಮೋಟರ್ ಕರೆಂಟ್ ಬಂದಾಗ ತಾನೇ ಶುರುವಾಗುವಂತೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ.

ಸಿನಿಮಾದವರು ಇಲ್ಲಿಗೆ ಯಾಕೆ ಬರುತ್ತಾರೆಂಬುದು ಏರಿಯ ಮೇಲೆ ನಿಂತರೆ ತಿಳಿಯುತ್ತದೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೀರಿನ ಮೇಲೆ ಹೊಗೆಯಂಥ ಮಂಜು. ಕ್ಯಾಮೆರಾಗೆ ಮೇಲಿನ ನೀರು ಸಾಕು. ಈಜುವವರಿಗೆ ತಳ ಬೇಕು. ದಡದಿಂದ ನೇರ ಕೆಳಗೆ ನೋಡಿದಾಗ ಆರಡಿ ಎಂದು ಕಂಡದ್ದು ನಿಜದಲ್ಲಿ ಎಂಟಡಿ ಇರುತ್ತದೆ, ಬೆಳಕು ಬಾಗುವುದರಿಂದ. ಓರೆಯಾಗಿ ನೋಡಿದರೆ ಮೋಸ ಇನ್ನೂ ಜಾಸ್ತಿ.

ತೆರೆಯ ಮೇಲೆ ನಾಯಕ ಬಂಡೆಯಿಂದ ಹಾರುವಾಗ ಚೌಕಟ್ಟಿನ ಆಚೆ ದೋಣಿ, ಹಗ್ಗ, ಮುಳುಗುಗಾರರು ಇರಬೇಕು. ಇಲ್ಲದಿದ್ದರೆ ಏನಾಗುತ್ತದೆಂದು ಕನ್ನಡದವರಿಗೆ ಹೇಳಬೇಕಾಗಿಲ್ಲ: 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಲೈಫ್ ಜಾಕೆಟ್ ಇಲ್ಲದೆ ಮುಳುಗಿ ಸತ್ತರು.

ಶೂಟಿಂಗ್ ಬಿಟ್ಟುಹೋಗುವ ಕಸದ ವಿಷಯ ಯಾರೂ ಬರೆಯುವುದಿಲ್ಲ. ಇಲ್ಲಿ ಹಾಡಿಗೆಂದು ಸರ್ವೆ ಮರದ ಕಂಬ ನೆಟ್ಟು ಮರದ ಅಟ್ಟಣೆ ಕಟ್ಟಿದ್ದರು. ಬಿಚ್ಚುವಾಗ ಹಲಗೆ ಒಯ್ದರು, ಕಂಬಗಳನ್ನು ನೀರಿನ ಮಟ್ಟಕ್ಕೆ ಕೊಯ್ದು ಬಿಟ್ಟರು. ಈಗ ನೀರು ಇಳಿದು ಆರು ಮೊಂಡು ಕಂಬಗಳು ಮೇಲೆದ್ದಿವೆ, ಒಂದಕ್ಕೆ ಬೈಂಡಿಂಗ್ ವೈರ್ ಸುತ್ತಿ ತುದಿ ಮುಳ್ಳಿನಂತೆ ನಿಂತಿದೆ. ಮಳೆಗಾಲದ ಕೆಂಪು ನೀರಿನಲ್ಲಿ ಇದು ಕಾಣುವುದೇ ಇಲ್ಲ. ಹಾರುವ ಮಾತು ಬಿಡಿ, ಬರಿಗಾಲಲ್ಲಿ ಇಳಿಯುವುದೂ ತಪ್ಪು. ಹಳೆ ಕ್ಯಾನ್ವಾಸ್ ಶೂ ಇರಲಿ.

ಇಳಿಯುವ ಮುಂಚೆ ಹತ್ತಡಿಯ ಬಿದಿರು ಗಳು ಹಿಡಿದು ಹೆಜ್ಜೆಹೆಜ್ಜೆಗೆ ಚುಚ್ಚಿ ನೋಡಬೇಕು. ಇಲ್ಲಿ ದಡದಿಂದ ಎರಡು ಮಾರು ಸೊಂಟಮಟ್ಟ, ಮೂರನೇ ಮಾರಿನಲ್ಲಿ ಗಳುವೇ ಮುಳುಗುತ್ತದೆ. ಜೆಸಿಬಿಯಲ್ಲಿ ಹೂಳೆತ್ತಿದ ಕೆರೆಗಳೆಲ್ಲ ಹೀಗೆಯೇ, ಗೋಡೆ ಕಡಿದಂತೆ. ಕೆಸರಿನಲ್ಲಿ ಕಾಲು ಹೂತರೆ ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತದೆ. ನೀರಿನ ಮೇಲೆ ಬೋರಲು ಮಲಗಿ, ಕೈಯಲ್ಲಿ ಈಜುತ್ತ ಕಾಲನ್ನು ಹಿಂದಕ್ಕೆ ಜಾರಿಸಿಕೊಳ್ಳಬೇಕು. ನೈದಿಲೆಯ ದಂಟು ಸುತ್ತಿಕೊಂಡಾಗಲೂ ಒದೆಯಬಾರದು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುವ ಗಾದೆ ಇಲ್ಲಿ ಕೆಲಸಕ್ಕೆ ಬಾರದು. ತಣ್ಣೀರು ಎದೆಗೆ ತಾಗಿದ ಕೂಡಲೇ ಉಸಿರು ಸಿಕ್ಕಿಕೊಂಡಂತಾಗುತ್ತದೆ, ಅದು ಇಳಿಯಲು ಒಂದೆರಡು ನಿಮಿಷ ಬೇಕು. ಅಷ್ಟು ಹೊತ್ತು ದಡದ ಹತ್ತಿರವೇ ಕತ್ತಿನವರೆಗೆ ಮುಳುಗಿ ಕೂತಿರುವುದು. ಆಮೇಲೆ ಏರಿಗೆ ಸಮಾನಾಂತರವಾಗಿ ಈಜು, ನಡುನೀರಿಗೆ ಅಡ್ಡ ಹಾಯುವುದಲ್ಲ. ತೇಲುಚೀಲ ಇಲ್ಲದವರು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿದು, ಒಂದೂವರೆ ಮೀಟರ್ ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ದಡದಲ್ಲಿ ಒಬ್ಬರು, ಅವರ ಕೈಯಲ್ಲಿ 20 ಮೀಟರ್ ನೈಲಾನ್ ಹಗ್ಗ, ಇನ್ನೊಂದು ತುದಿ ಮರಕ್ಕೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಮಾತ್ರ ಎಷ್ಟೇ ಈಜು ಬಂದರೂ ಇಳಿಯಬೇಡಿ. ಪಾಚಿ ಕಟ್ಟಿದ ಹಾಳೆಯ ಮೇಲೆ ಹತ್ತಿ ಬರಲು ಆಗುವುದಿಲ್ಲ.

ಬೆಳಕು ಹರಿಯುವ ಮೊದಲು, ಸಂಜೆ ಐದರ ನಂತರ ಕೆರೆ ಆನೆಗಳದ್ದು. ಏರಿಯ ಮೇಲೆ ಹಸಿ ಲದ್ದಿ ಕಂಡರೆ ಅವತ್ತಿನ ಈಜು ಅಷ್ಟೇ. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳನ್ನು ನೋಡಿ ಬರಬಹುದು, ಈಜಲು ಅಲ್ಲ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದಲ್ಲಿ ಬಾಗಿನ ಕೊಡುತ್ತಾರೆ, ಅಲ್ಲಿ ಟವೆಲ್ ಹಿಡಿದು ಹೋಗುವುದು ಸರಿಯಲ್ಲ.

ಗಾಯವಿದ್ದರೆ ನೀರಿಗೆ ಇಳಿಯದಿರುವುದು ಒಳ್ಳೆಯದು. ಇಲಿ ಜ್ವರದ ರೋಗಾಣು ಸೀಳು ಚರ್ಮದಿಂದ ಒಳಹೋಗುತ್ತದೆ, ಕಣ್ಣು, ಮೂಗು, ಬಾಯಿಯಿಂದಲೂ. ಈಜಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಕೆರೆಗಿಳಿದದ್ದನ್ನು ಡಾಕ್ಟರಿಗೆ ತಾವಾಗಿಯೇ ಹೇಳಬೇಕು.

ಹತ್ತೂವರೆಗೆ ಮೋಟರ್ ಹಾಕುತ್ತಾರೆ, ಹತ್ತಕ್ಕೆಲ್ಲ ಎಲ್ಲರೂ ನೀರಿನಿಂದ ಮೇಲೆ. ವೈರ್ ಸುತ್ತಿದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದ್ದೇವೆ. ಬರುವ ಭಾನುವಾರ ಗಳು ಹಾಕಿ ಮತ್ತೆ ಮೊದಲಿನಿಂದ ಅಳೆಯಬೇಕು.