ಮನೆ ವೈರ್ ಬೋಟಿಗೆ ಆಗುತ್ತಾ?

ಕನ್ನಂಬಾಡಿ ಹಿನ್ನೀರಿನ ಕಡೆ ಸಣ್ಣ ಬೋಟ್ ಇಟ್ಟುಕೊಂಡವರು ಯಾರೇ ಸಿಗಲಿ, ಕೇಳುವುದು ಇದನ್ನೇ: "ಮನೆ ಕಟ್ಟಿಸಿದಾಗ ಉಳಿದ ವೈರ್ ಒಂದು ಕಾಯಿಲ್ ಇದೆ ಅಣ್ಣ, ಬರೀ 12 ವೋಲ್ಟ್ ಅಲ್ವಾ, ಅದನ್ನೇ ಎಳೆದುಬಿಡಲಾ?"

ಬೇಡ. ವೋಲ್ಟ್ ಕಮ್ಮಿ ಆದಷ್ಟೂ ವೈರ್ ದಪ್ಪ ಬೇಕು. 60 ವ್ಯಾಟಿನ ಪಂಪ್ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಪಂಪ್ ಬ್ಯಾಟರಿಯಿಂದ 5 ಮೀಟರ್ ದೂರ ಇದ್ದರೆ ಹೋಗಿ ಬರುವ ವೈರ್ 10 ಮೀಟರ್, ಅದಕ್ಕೆ 1 ಸ್ಕ್ವೇರ್ ಎಂಎಂ ದಪ್ಪದ್ದು ಹಾಕಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಹೋಗುತ್ತದೆ. ಎರಡೂವರೆ ಸ್ಕ್ವೇರ್ ಹಾಕಿ, 0.35ಕ್ಕೆ ಇಳಿಯುತ್ತದೆ. ತಳದ ನೀರು ಎತ್ತುವ ಪಂಪಿಗೆ ಶೇ 3ಕ್ಕಿಂತ ಜಾಸ್ತಿ ನಷ್ಟ ಇರಬಾರದು.

ಇನ್ನು ತೇವ. ಕೆಟ್ಟ ವೈರ್ ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ಸುಲಿದು ನೋಡಿ, ತಾಮ್ರ ಕಪ್ಪಗಾಗಿರುತ್ತದೆ, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ತುದಿಯಲ್ಲಿ ಹೊಕ್ಕ ನೀರು ಎಳೆಗಳ ಸಂದಿಯಲ್ಲೇ ಒಳಗೆ ಏರಿರುತ್ತದೆ. ಕಾವೇರಿ ನೀರು ಸಮುದ್ರದಷ್ಟು ಬೇಗ ತಿನ್ನುವುದಿಲ್ಲ, ಆದರೆ ತಿನ್ನುತ್ತದೆ. ಅದಕ್ಕೇ ತವರ ಲೇಪಿಸಿದ, ಸಣ್ಣ ಎಳೆಗಳ ತಾಮ್ರದ ವೈರ್ ತರಿಸಿ, ರೇಟ್ ಜಾಸ್ತಿ ಆದರೂ ಸರಿ. ಒಂಟಿ ತಂತಿಯದ್ದಂತೂ ಬೇಡವೇ ಬೇಡ, ಎಂಜಿನ್ ಅದುರಿ ಅದುರಿ ಮುರಿಯುತ್ತದೆ.

ಜಾಯಿಂಟಿಗೆ ಸುಮ್ನೆ ಟೇಪ್ ಸುತ್ತಬೇಡಿ. ವೈರ್ ತುದಿಗೆ ಲಗ್ (ಲೋಹದ ತೊಡಿಕೆ) ಹಾಕಿ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಏರಿಸಿ. ವೈರ್ ಜೋಲಾಡದಂತೆ 45 ಸೆಂಟಿಮೀಟರಿಗೆ ಒಂದು ಕ್ಲಿಪ್ ಇರಲಿ.

ಫ್ಯೂಸ್ ಮುಖ್ಯವಾಗಿ ಕಾಯುವುದು ವೈರನ್ನು, ಆದ್ದರಿಂದ ಅದು ಬ್ಯಾಟರಿ ಪಕ್ಕದಲ್ಲೇ ಇರಬೇಕು, ಪಾಸಿಟಿವ್‌ನಿಂದ 18 ಸೆಂಟಿಮೀಟರ್ ಒಳಗೆ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ಯಾವ ಕಾವಲೂ ಇಲ್ಲ, ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ತಳ್ಳುತ್ತದೆ, ವೈರ್ ಕೆಂಡ ಆಗುತ್ತದೆ. ಮನೆಯ ಎಸಿ ಕರೆಂಟಿಗೆ ಹಾಕುವ ಎಂಸಿಬಿಯನ್ನು (ತಾನಾಗೇ ಟ್ರಿಪ್ ಆಗುವ ಸ್ವಿಚ್) ಇಲ್ಲಿ ನಂಬಬೇಡಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಟ್ರಿಪ್ ಆಗುವಾಗ ಹಾರುವ ಕಿಡಿ ಆರುತ್ತದೆ, ಬ್ಯಾಟರಿಯ ಡಿಸಿಯಲ್ಲಿ ಅದು ಹಾಗೇ ಹಿಡಿದು ನಿಲ್ಲಬಹುದು.

ದುಡ್ಡು ಸಾಲದಿದ್ದರೆ ಮೊದಲು ಪಂಪಿನ ವೈರ್ ಬದಲಾಯಿಸಿ, ಹಾಡಿನ ಸ್ಪೀಕರ್ ಆಮೇಲೆ. ಪಂಪಿನ ಫ್ಲೋಟ್ ಸ್ವಿಚ್ಚಿಗೆ (ನೀರು ಏರಿದಾಗ ತೇಲಿ ತಾನಾಗೇ ಆನ್ ಆಗುವ ಸ್ವಿಚ್) ಬೇರೆ ಫ್ಯೂಸ್ ಕೊಟ್ಟು ನೇರ ಬ್ಯಾಟರಿಯಿಂದಲೇ ಲೈನ್ ಎಳೆಯಿರಿ. ನೀವು ಮೇನ್ ಸ್ವಿಚ್ ಆಫ್ ಮಾಡಿ ಮೈಸೂರಿಗೆ ಬಂದಿದ್ದರೂ, ರಾತ್ರಿ ಜೋರು ಮಳೆ ಬಂದರೆ ಪಂಪ್ ತಾನಾಗೇ ಓಡಬೇಕು.