ಫೋಟೊ ತೆಗೆಯೋಕೆ ಸೈಕಲ್ ಯಾಕೆ?

"ಫೋಟೊ ತೆಗೆಯೋದೇ ಆದ್ರೆ ಬೈಕಿನಲ್ಲಿ ಹೋಗಬಹುದಲ್ವಾ? ನಾಲ್ಕು ಜಾಗ ಜಾಸ್ತಿ ನೋಡಬಹುದು. ಸುಮ್ನೆ ಸೈಕಲ್ ತುಳಿದು ಯಾಕೆ ಸುಸ್ತಾಗ್ತೀಯಾ?" ನೆಂಟರು, ಗೆಳೆಯರು, ದಾರಿಯ ಟೀ ಅಂಗಡಿಯವರು, ಎಲ್ಲರೂ ಕೇಳುತ್ತಾರೆ. ಕಾಳಜಿಯಿಂದಲೇ ಕೇಳುತ್ತಾರೆ. ನನ್ನ ಉತ್ತರಕ್ಕೆ ಒಂದು ದಾರಿಯ ಕತೆ ಹೇಳಬೇಕು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ನಾನು ಎರಡು ದಿನ ಇಟ್ಟುಕೊಳ್ಳುತ್ತೇನೆ. ಮರದ ಸಾಲಿನ ನಡುವೆ ಆಗಾಗ ತುಂಗೆ ಕಾಣಿಸುತ್ತಾಳೆ, ಮತ್ತೆ ಮರೆಯಾಗುತ್ತಾಳೆ.

ಒಂದು ನವೆಂಬರಿನಲ್ಲಿ, ಬೆಳಗಿನ ಮಂಜಿನಲ್ಲಿ, ಗಾಜನೂರು ದಾಟಿ ಸಕ್ರೆಬೈಲಿನ ಹತ್ತಿರ ಹೋಗುತ್ತಿದ್ದೆ. ಕಾಡಿನೊಳಗಿನಿಂದ ಸರಪಳಿ ಎಳೆದ ಸದ್ದು ಕೇಳಿಸಿತು. ಅಲ್ಲಿನ ಬಿಡಾರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ. ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗೆರೆ ಹಿಡಿದು ಮಾವುತರು ಬೆಳಿಗ್ಗೆ ಹುಡುಕಿಕೊಂಡು ಹೋಗುತ್ತಾರೆ. ನಾನು ಬ್ರೇಕ್ ಹಿಡಿದೆ. ಒಂದು ಕಾಲು ನೆಲಕ್ಕೆ ಊರಿ ಕ್ಯಾಮೆರಾ ಎತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಮಂಜಿನಿಂದ ಆನೆ ಹೊರಗೆ ಬಂತು. ಕತ್ತಿನ ಮೇಲೆ ಕಂಬಳಿ ಹೊದ್ದ ಮಾವುತ. ಬೈಕಿನಲ್ಲಿದ್ದರೆ ಇಂಜಿನ್ ಸದ್ದಿನಲ್ಲಿ ಆ ಸರಪಳಿ ನನಗೆ ಕೇಳಿಸುತ್ತಲೇ ಇರಲಿಲ್ಲ.

ಮಂಡಗದ್ದೆಯ ವಿಷಯ ಬೇರೆ. ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರ. ಮಳೆಗಾಲದಲ್ಲಿ ಹೊಳೆ ನಡುವಿನ ಪುಟ್ಟ ದ್ವೀಪದ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತವೆ. ಅದಕ್ಕೆ ಕಾರಿನಲ್ಲಿ ಬಂದರೂ ಸಾಕು. ಮಳೆಯಲ್ಲಂತೂ ಕಾರೇ ವಾಸಿ.

ಸೈಕಲ್ ಬೇಕಾಗುವುದು ಬೋರ್ಡ್ ಇಲ್ಲದ ಜಾಗಗಳಿಗೆ. ಅದೇ ನವೆಂಬರಿನ ಸಂಜೆ ಮಂಡಗದ್ದೆ ದಾಟಿದ ಮೇಲೆ ಬೇಯುತ್ತಿದ್ದ ಅಡಿಕೆಯ ವಾಸನೆ ಮೂಗಿಗೆ ಬಡಿಯಿತು. ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಆ ಒಗರು ವಾಸನೆ ಮಲೆನಾಡಿನವರಿಗೆ ಗೊತ್ತು. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುವವನಿಗೆ ವಾಸನೆ ಯಾವ ಕಡೆಯಿಂದ ಬಂತು ಅಂತ ಹುಡುಕಲು ಪುರಸೊತ್ತು ಇರುತ್ತದೆ. ಸೀಟಿನ ಮೇಲೆ ಕೂತರೆ ಬೇಲಿಯ ಆಚೆಗೂ ಕಾಣುತ್ತದೆ. ಅಂಗಳದಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಹಂಡೆ ಕುದಿಯುತ್ತಿತ್ತು. ಅದರ ಹಬೆಯೊಳಗೆ ಸಂಜೆ ಬಿಸಿಲು ಓರೆಯಾಗಿ ಬೀಳುತ್ತಿತ್ತು.

"ಅಮ್ಮ, ಒಂದು ಫೋಟೊ ತೆಗೀಬಹುದಾ?" ಎಂದೆ.

"ಮೊದ್ಲು ಮಜ್ಜಿಗೆ ಕುಡೀರಿ" ಎಂದರು ಮನೆಯ ಯಜಮಾನಿ.

ಬೆವರು ಸುರಿಸಿಕೊಂಡು ಸೈಕಲ್ ತುಳಿದು ಬಂದವರನ್ನು ಕಂಡರೆ ಜನ ಮೊದಲು ನೀರು ಕೊಡುತ್ತಾರೆ, ಆಮೇಲೆ ಊರು ಕೇಳುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಕ್ಯಾಮೆರಾ ಇದೆ ಅನ್ನೋದನ್ನೇ ಅವರು ಮರೆತಿರುತ್ತಾರೆ. ಮುಖಗಳು ಸಹಜವಾಗಿ ಸಿಗುವುದು ಆವಾಗ. ನಾನು ಒಂದೇ ಲೆನ್ಸ್ ಒಯ್ಯುತ್ತೇನೆ, 35 ಎಂ.ಎಂ. ಅದರಲ್ಲಿ ದೂರದಿಂದ ಕದ್ದು ತೆಗೆಯಲು ಆಗುವುದಿಲ್ಲ. ಹತ್ತಿರ ಹೋಗಿ ಕೂರಲೇಬೇಕು.

ಈ ದಾರಿಗೆ ಹೊರಡುವವರಿಗೆ ಒಂದು ಮಾತು. ಇದು ಹೆದ್ದಾರಿ. ತಿರುವುಗಳಲ್ಲಿ ಲಾರಿ, ಬಸ್ಸು ಜೋರಾಗಿ ಬರುತ್ತವೆ. ಹ್ಯಾಂಡಲ್‌ಗೆ ಕನ್ನಡಿ ಹಾಕಿಸಿ. ನಿಲ್ಲುವಾಗ ಟಾರಿನಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಕ್ಯಾಮೆರಾವನ್ನು ಬೆನ್ನಿನ ಬ್ಯಾಗಿನಲ್ಲಿ ಇಡಬೇಡಿ, ತೆಗೆಯುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಹ್ಯಾಂಡಲ್ ಮುಂದಿನ ಚೀಲದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ.

ಆ ಅಂಗಳದಲ್ಲಿ ಮೂರೇ ಫೋಟೊ ತೆಗೆದೆ. ಹೊರಡಲು ಎದ್ದಾಗ ಯಜಮಾನಿ ಹಂಡೆಗೆ ಮತ್ತೆ ಅಡಿಕೆ ಸುರಿಯುತ್ತಿದ್ದರು. "ಇನ್ನೊಂದು ಒಬ್ಬೆ ಬೇಯೋ ಹೊತ್ತಿಗೆ ಕತ್ತಲಾಗುತ್ತೆ. ಇಲ್ಲೇ ಇದ್ದು ಬೆಳಿಗ್ಗೆ ಹೋಗಿ" ಎಂದರು. ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದೆ. ತೀರ್ಥಹಳ್ಳಿ ಇನ್ನೂ 20 ಕಿ.ಮೀ. ಇತ್ತು.