ಒಂಬತ್ತು ದಿನ, 3,400 ಕಿಲೋಮೀಟರ್: ಸೀಟು ಬದಲಾಯಿಸ್ಕೊಂಡು ಹೋಗ್ಬಂದ ಅನುಭವ

ಮೊನ್ನೆ ಬೈಕಲ್ಲಿ ಒಂಬತ್ತು ದಿನದ ಲಾಂಗ್ ರೈಡ್ ಮುಗಿಸ್ಕೊಂಡು ಬಂದ್ವಿ, ಒಟ್ಟು 3,400 ಕಿಲೋಮೀಟರ್ ಆಯ್ತು, ನಾನು ಓಡಿಸ್ತಿದ್ದೆ, ಹೆಂಡತಿ ಹಿಂದೆ. ಇದೇ ರೂಟಿಗೆ ಹೋದ್ವರ್ಷಾನೂ ಹೊರಟಿದ್ವಿ, ಆದ್ರೆ ಐದನೇ ದಿನಕ್ಕೇ ವಾಪಸ್ ತಿರುಗಿಸ್ಬೇಕಾಯ್ತು. ಗಾಡಿ ಚೆನ್ನಾಗೇ ಇತ್ತು, ಹವಾನೂ ಚೆನ್ನಾಗಿತ್ತು, ಸೀಟ್ ಮೇಲೆ ಕೂರೋಕೆ ಮಾತ್ರ ಇಬ್ರಿಗೂ ಆಗ್ಲಿಲ್ಲ. ಈ ಸಲ ಸೀಟು ಬದಲಾಯಿಸ್ಕೊಂಡು ಹೋಗಿ ಪೂರ್ತಿ ಮುಗಿಸಿದೀವಿ. ದಿನಕ್ಕೆ 350-400 ಕಿಮೀ ಲೆಕ್ಕದಲ್ಲಿ ವಾರಗಟ್ಟಲೆ ಗಾಡೀಲಿ ಹೋಗೋ ಪ್ಲಾನ್ ಇರೋರಿಗೆ ಉಪಯೋಗ ಆಗ್ಲಿ ಅಂತ ಸೀಟಿನ ವಿಷಯ ಒಂದನ್ನೇ ವಿವರವಾಗಿ ಬರೀತಿದೀನಿ, ರೂಟು ಲಗೇಜು ಎಲ್ಲಾ ಆಮೇಲೆ, ಮೊದಲು ಕೂರೋಕಾಗ್ಬೇಕಲ್ವಾ.

ಹೋದ್ವರ್ಷ ಏನಾಯ್ತು ಅಂದ್ರೆ, ಗಾಡಿ ಜೊತೆ ಬಂದ ಸೀಟಲ್ಲೇ ಹೋಗಿದ್ದು. ಮೊದಲ ದಿನ 150 ಕಿಮೀ ತನಕ ಏನೂ ಗೊತ್ತಾಗ್ಲಿಲ್ಲ. ಆಮೇಲೆ ಎರಡೇ ಎರಡು ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ನಾಣ್ಯ ಇಟ್ಟಷ್ಟು ಅಗಲ ಉರಿ ಶುರುವಾಯ್ತು. ಮೂರನೇ ದಿನಕ್ಕೆ ನಲವತ್ತು ನಿಮಿಷಕ್ಕೊಂದ್ಸಲ ಗಾಡಿ ನಿಲ್ಸಿ ಇಳೀತಿದ್ದೆ. ಜೊತೆಗೆ ಆ ಸೀಟು ಟ್ಯಾಂಕ್ ಕಡೆಗೆ ಇಳಿಜಾರು, ಬ್ರೇಕ್ ಹಿಡಿದಾಗೆಲ್ಲಾ ಮುಂದಕ್ಕೆ ಜಾರೋದು, ಮತ್ತೆ ಹಿಂದಕ್ಕೆ ಸರಿದು ಕೂರೋದು, ಸಂಜೆ ಹೊತ್ತಿಗೆ ಈ ಜಾರಾಟದಲ್ಲಿ ಜೀನ್ಸ್ ಹೊಲಿಗೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಹೋಗಿತ್ತು. ನೋವು ಇದ್ರೆ ಗಮನ ರಸ್ತೆ ಮೇಲೆ ಇರಲ್ಲ, ನನಗೆ ಅದೇ ಭಯ ಆಗಿದ್ದು, ಒಂದು ತಿರುವಲ್ಲಿ ಎದುರಿಗೆ ಬಂದ ಲಾರೀನ ತಡವಾಗಿ ನೋಡಿದೆ, ಅವತ್ತೇ ಸಾಕು ಅಂತ ವಾಪಸ್ ತಿರುಗಿಸಿದ್ದು.

ಬಂದ ತಕ್ಷಣ ಮಾಡಿದ ತಪ್ಪು ಅಂದ್ರೆ ಅಂಗಡೀಲಿ ಕೈಯಿಂದ ಒತ್ತಿ ನೋಡಿ ದಿಂಬಿನ ಥರ ಮೆತ್ತಗಿದ್ದ ಒಂದು ಜೆಲ್ ಸೀಟು ತಗೊಂಡಿದ್ದು. ಮೊದಲ ಒಂದು ಗಂಟೆ ಸ್ವರ್ಗ. ಎರಡನೇ ಗಂಟೆಗೆ ಹಳೇ ಸೀಟೇ ವಾಸಿ ಅನ್ನಿಸ್ತು. ಯಾಕೆ ಹೀಗೆ ಅಂತ ಆಮೇಲೆ ಅರ್ಥ ಆಯ್ತು. ನಾವು ಕೂತಾಗ ದೇಹದ ಭಾರ ಬೀಳಬೇಕಾಗಿರೋದು ಸೊಂಟದ ಕೆಳಗಿನ ಎರಡು ಮೂಳೆ ಮೇಲೆ, ಸಿಟ್ ಬೋನ್ಸ್ ಅಂತಾರೆ. ಫೋಮ್ ತೀರಾ ಮೆತ್ತಗಿದ್ರೆ ಆ ಮೂಳೆಗಳು ಒಳಗೆ ಇಳಿದು ತಳದ ಪ್ಲಾಸ್ಟಿಕ್ ಪ್ಲೇಟಿಗೇ ತಾಗತ್ತೆ, ಮೂಳೆ ಇಳಿದಷ್ಟೂ ಮಧ್ಯದ ಫೋಮ್ ಮೇಲಕ್ಕೆ ಉಬ್ಬಿ ಎರಡು ಮೂಳೆ ನಡುವಿನ ಮೆದು ಭಾಗಾನ ಒತ್ತತ್ತೆ. ಅಲ್ಲಿ ನರ, ರಕ್ತನಾಳ ಎಲ್ಲಾ ಇರೋದ್ರಿಂದ ಜೋಮು ಹಿಡಿಯತ್ತೆ. ಹಾಗಾಗಿ ಕೈಯಲ್ಲಿ ಒತ್ತಿ ನೋಡಿ ಸೀಟು ತಗೋಬೇಡಿ, ಐದು ನಿಮಿಷ ಕೂತು ನೋಡೋದ್ರಿಂದಾನೂ ಗೊತ್ತಾಗಲ್ಲ, ಎರಡು ಗಂಟೆ ಮೇಲೆ ಹೇಗಿರತ್ತೆ ಅನ್ನೋದೇ ಟೂರಿಂಗ್ ಸೀಟಿನ ಪರೀಕ್ಷೆ.

ಮೊದಲು ನಿಮ್ಮ ಅಳತೆ ತಿಳ್ಕೊಳ್ಳಿ. ಮನೇಲಿ ರಟ್ಟಿನ ಡಬ್ಬ ಇದ್ದೇ ಇರತ್ತೆ, ಒಳಗೆ ಅಲೆ ಅಲೆ ಪದರ ಇರೋ ಥರದ್ದು, ಅದರದ್ದೊಂದು ತುಂಡನ್ನ ಗಟ್ಟಿ ಸ್ಟೂಲ್ ಮೇಲಿಟ್ಟು ತೆಳು ಬಟ್ಟೇಲಿ ಕೂತು ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಹಾಗೇ ಇರಿ. ಎದ್ದು ನೋಡಿದ್ರೆ ಎರಡು ಗುಳಿ ಬಿದ್ದಿರತ್ತೆ, ಬೆರಳಾಡಿಸಿದ್ರೆ ಸರಿಯಾಗಿ ಗೊತ್ತಾಗತ್ತೆ, ಒಂದರ ನಡುವಿಂದ ಇನ್ನೊಂದರ ನಡುವಿಗೆ ಸ್ಕೇಲ್ ಇಡಿ. ನನಗೆ 118 ಮಿಲಿಮೀಟರ್ ಬಂತು, ಹೆಂಡತಿಗೆ 136. ಸಾಮಾನ್ಯವಾಗಿ ಹೆಂಗಸರಿಗೆ ಈ ಅಂತರ ಜಾಸ್ತಿ ಇರತ್ತೆ. ಈ ಎರಡೂ ಗುಳಿ ಸೀಟಿನ ಸಮತಟ್ಟು ಭಾಗದ ಮೇಲೆ ಪೂರ್ತಿ ಬರಬೇಕು, ಅಂಚು ಕೆಳಗೆ ಬಾಗೋ ಕಡೆ ಬಿದ್ರೆ ಎಷ್ಟು ದುಬಾರಿ ಸೀಟಾದ್ರೂ ಪ್ರಯೋಜನ ಇಲ್ಲ. ನನ್ನ ಹಳೇ ಸೀಟಿನ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕಿ ನೋಡಿದೆ, ಎರಡೂ ಚುಕ್ಕೆ ಸರಿಯಾಗಿ ಅಂಚಿನ ಹೊಲಿಗೆ ಮೇಲೇ ಕೂತಿತ್ತು. ಒಂದು ವರ್ಷ ಉರಿ ಉರಿ ಅಂತಿದ್ದಿದ್ದು ಆ ಹೊಲಿಗೇನೇ.

ಆಮೇಲೆ ನೋವು ಎಲ್ಲಿ, ಎಷ್ಟೊತ್ತಿಗೆ ಅಂತ ಒಂದು ಚೀಟೀಲಿ ಬರ್ಕೊಳ್ಳಿ, ಇದು ತುಂಬಾ ಮುಖ್ಯ, ಸೀಟು ಮಾಡೋರು ಕೇಳೋ ಮೊದಲ ಪ್ರಶ್ನೇನೂ ಇದೇ. ಎರಡು ಬಿಂದುವಲ್ಲಿ ಉರಿ ಅಂದ್ರೆ ಅಗಲ ಸಾಲ್ತಿಲ್ಲ ಅಥವಾ ಫೋಮ್ ಸತ್ತಿದೆ. ಮುಂದಿನ ಭಾಗ ಜೋಮು ಅಂದ್ರೆ ಸೀಟು ಟ್ಯಾಂಕ್ ಕಡೆ ಇಳಿಜಾರಿದೆ ಅಥವಾ ಮಧ್ಯ ಉಬ್ಬಿದೆ. ಬಾಲದ ಮೂಳೆ ನೋವು ಅಂದ್ರೆ ಬೆನ್ನು ಹಿಂದಕ್ಕೆ ಕುಸಿದು ಕೂರ್ತಿದೀರ, ಹ್ಯಾಂಡಲ್ ದೂರ ಇದೆಯಾ ಹತ್ರ ಇದೆಯಾ ಅದನ್ನೂ ನೋಡ್ಬೇಕು. ತೊಡೆ ಒಳಭಾಗ ನೋವು ಅಂದ್ರೆ ಸೀಟಿನ ಮುಂಭಾಗ ಅಗಲ ಜಾಸ್ತಿ ಅಥವಾ ಅಂಚು ಚೂಪು. ಮಂಡಿ ನೋವು ಬಂದ್ರೆ ಸೀಟು ಕಾಲಿಡೋ ಫುಟ್‌ಪೆಗ್‌ಗೆ ತೀರಾ ಹತ್ರ ಇದೆ ಅಂತ, ಅದಕ್ಕೆ ಒಂದೆರಡು ಸೆಂಟಿಮೀಟರ್ ಎತ್ತರ ಮಾಡಿದ್ರೇ ಮಂಡಿಗೆ ಎಷ್ಟೋ ಆರಾಮ.

ಇಲ್ಲೊಂದು ವಿಷಯ ಎಲ್ರೂ ಮರೀತಾರೆ. ಲಗೇಜು, ಹಿಂದೆ ಇನ್ನೊಬ್ರು, ಇಷ್ಟು ಭಾರ ಬಿದ್ರೆ ಗಾಡಿ ಹಿಂಭಾಗ ಕೆಳಗೆ ಕೂತ್ಕೊಳತ್ತೆ, ಸೀಟಿನ ಕೋನಾನೇ ಬದಲಾಗಿಬಿಡತ್ತೆ. ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್, ಅಂದ್ರೆ ಸ್ಪ್ರಿಂಗಿನ ಬಿಗಿ, ಆ ಭಾರಕ್ಕೆ ಸರಿ ಮಾಡ್ಕೊಂಡು ಆಮೇಲೆ ಸೀಟಿನ ಬಗ್ಗೆ ತೀರ್ಮಾನ ಮಾಡಿ.

ಫೋಮ್ ವಿಷಯಕ್ಕೆ ಬಂದ್ರೆ ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ, ಅಂಗಡೀಲಿ ಎರಡನ್ನೂ ಒಂದೇ ಮಾಡಿ ಹೇಳ್ತಾರೆ. ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೇಜಿ ತೂಗತ್ತೆ ಅಂತ, ಇದು ಜಾಸ್ತಿ ಇದ್ದಷ್ಟೂ ಸಾಮಾನ್ಯವಾಗಿ ಬಾಳಿಕೆ ಜಾಸ್ತಿ. ಗಟ್ಟಿತನ ಅಳೆಯೋದು ಫೋಮನ್ನ ಅದರ ದಪ್ಪದ 25 ಪರ್ಸೆಂಟ್ ಒಳಗೆ ಒತ್ತೋಕೆ ಎಷ್ಟು ಬಲ ಬೇಕು ಅಂತ, ಇದು ನಿಮ್ಮ ತೂಕಕ್ಕೆ ಸರಿಹೊಂದಬೇಕು. 60 ಕೇಜಿ ಇರೋರಿಗೆ ಹಿತವಾಗಿರೋ ಫೋಮ್ 95 ಕೇಜಿ ಇರೋರಿಗೆ ತಳ ತಾಗತ್ತೆ, ಸ್ನೇಹಿತರ ಸೀಟು ಚೆನ್ನಾಗಿದೆ ಅಂತ ಅದನ್ನೇ ತಗೊಂಡೋರು ಬೇಜಾರು ಮಾಡ್ಕೊಳ್ಳೋದು ಇದಕ್ಕೇ. ಮೆಮೊರಿ ಫೋಮ್ ಅಂತ ಕೇಳಿರ್ತೀರ, 1966ರಲ್ಲಿ ನಾಸಾ ಕೆಲಸಕ್ಕೆ ಅಂತ ಕಂಡುಹಿಡಿದಿದ್ದು, ಮೈ ಶಾಖಕ್ಕೆ ಮೆತ್ತಗಾಗತ್ತೆ, ಚಳೀಲಿ ಗಟ್ಟಿಯಾಗತ್ತೆ. ಗಟ್ಟಿ ಫೋಮ್ ಮೇಲೆ ತೆಳುವಾದ ಪದರ ಆದ್ರೆ ಒಳ್ಳೇದು, ಪೂರ್ತಿ ಸೀಟು ಅದರದ್ದೇ ಆದ್ರೆ ಬೇಡ. ಜೆಲ್ ಸಣ್ಣ ಪುಟ್ಟ ನಡುಕ ಕಮ್ಮಿ ಮಾಡತ್ತೆ ನಿಜ, ಆದ್ರೆ ಬಿಸಿಲಲ್ಲಿ ನಿಲ್ಸಿದ್ರೆ ಕಾದು ಆ ಶಾಖಾನ ತುಂಬಾ ಹೊತ್ತು ಹಿಡ್ಕೊಂಡಿರತ್ತೆ.

ರೆಡಿ ಸಿಗೋದ್ರಲ್ಲಿ ಕಾರ್ಬಿನ್ ಕಂಪನಿ ಸೀಟು ಗಟ್ಟಿ ಅಂತಾನೇ ಹೆಸರು, ಹೊಸದಾಗಿದ್ದಾಗ ಹಲಗೆ ಅನ್ಸತ್ತೆ, ಒಂದೆರಡು ಸಾವಿರ ಕಿಮೀ ಓಡಿಸಿದ ಮೇಲೆ ಮೈಗೆ ಹೊಂದ್ಕೊಳ್ಳತ್ತೆ, ಹಾಗಾಗಿ ಪ್ರವಾಸದ ಹಿಂದಿನ ವಾರ ಹಾಕ್ಸಿ ಹೊರಡೋಕೆ ಅದು ಸರಿಯಲ್ಲ. ರಸಲ್ ಡೇ-ಲಾಂಗ್ ಅನ್ನೋದು ಎರಡೂ ಪಕ್ಕಕ್ಕೆ ರೆಕ್ಕೆ ಥರ ಅಗಲ ಇರೋದು, ನೋಡೋಕೆ ಅಷ್ಟೇನೂ ಚೆಂದ ಇಲ್ಲ, ಆದ್ರೆ ಐರನ್ ಬಟ್ ಅಸೋಸಿಯೇಷನ್ ಅನ್ನೋ ಲಾಂಗ್ ರೈಡರ್‌ಗಳ ಸಂಘದ, 24 ಗಂಟೇಲಿ 1,000 ಮೈಲಿ, ಅಂದ್ರೆ 1,600 ಕಿಮೀಗೂ ಮೇಲೆ ಓಡಿಸೋ ಥರದ ರೈಡರ್‌ಗಳಲ್ಲಿ ಅದಕ್ಕೆ ಒಳ್ಳೇ ಹೆಸರಿದೆ. ಸೀಟ್ ಕಾನ್ಸೆಪ್ಟ್ಸ್‌ನೋರು ಫೋಮ್ ಮತ್ತೆ ಕವರ್ ಕಿಟ್ ಕೊಡ್ತಾರೆ, ನಿಮ್ಮ ಹಳೇ ಸೀಟಿನ ತಳದ ಮೇಲೆ ಕೂರ್ಸೋದು. ಏರ್‌ಹಾಕ್ ಥರದ ಗಾಳಿ ಮೆತ್ತೆ ಇರೋ ಸೀಟಿನ ಮೇಲೇ ಕಟ್ಟೋದು, ಸೀಟು ಬದಲಾಯಿಸೋ ಮನಸ್ಸಿಲ್ದೇ ಇದ್ರೆ ಅದೇ ಸಾಕು. ಆದ್ರೆ ಎಲ್ರೂ ಗಾಳಿ ಜಾಸ್ತಿ ತುಂಬ್ತಾರೆ. ತುಂಬಿ, ಕೂತು, ಆಮೇಲೆ ಗಾಳಿ ಬಿಡ್ತಾ ಬಿಡ್ತಾ ಬರ್ಬೇಕು, ತಳಕ್ಕೂ ನಿಮಗೂ ಒಂದು ಬೆರಳು ಅಂತರ ಉಳಿದ್ರೆ ಅಷ್ಟೇ ಸಾಕು. ಎತ್ತರದ ಬೆಟ್ಟ ಹತ್ತಿದ್ರೆ ಹೊರಗಿನ ಒತ್ತಡ ಕಮ್ಮಿಯಾಗಿ ಮೆತ್ತೆ ಬಿಗಿಯಾಗತ್ತೆ, ಅಲ್ಲಿ ಸ್ವಲ್ಪ ಬಿಡಿ, ಕೆಳಗಿಳಿದ ಮೇಲೆ ಮತ್ತೆ ತುಂಬಿ.

ನಾನು ಕೊನೆಗೆ ಮಾಡ್ಸಿದ್ದು ಅಳತೆಗೆ ತಕ್ಕ ಸೀಟು. ಸೀಟು ಮಾಡೋರು ಗಾಡಿ ಮೇಲೆ ರೈಡಿಂಗ್ ಪ್ಯಾಂಟಲ್ಲೇ ಕೂರ್ಸಿದ್ರು, ಪಕ್ಕದಿಂದ ಫೋಟೋ ತೆಗೆದ್ರು, ಆಮೇಲೆ ರೆಕ್ಸಿನ್ ಕಿತ್ತು ಬರೀ ಫೋಮ್ ಮೇಲೆ ಮತ್ತೆ ಕೂರ್ಸಿ ಮಾರ್ಕರಲ್ಲಿ ಗೆರೆ ಎಳೆದ್ರು. ಮುಂಭಾಗ ಎತ್ತರಿಸಿ ಇಳಿಜಾರು ತೆಗೆದು, ಮೂಳೆ ಬೀಳೋ ಜಾಗದಲ್ಲಿ ಗಟ್ಟಿ ಫೋಮ್ ಅಂಟಿಸಿ, ಸ್ವಲ್ಪ ಸ್ವಲ್ಪವೇ ಉಜ್ಜೋದು, ಕೂರ್ಸೋದು, ಮತ್ತೆ ಉಜ್ಜೋದು, ಒಟ್ಟು ಏಳು ಸಲ ಹತ್ತಿ ಇಳಿದೆ. ಏಳನೇ ಸಲ ಕೂತಾಗ ಗೊತ್ತಾಯ್ತು, ಮೈ ತಾನಾಗೇ ಒಂದು ಜಾಗಕ್ಕೆ ಹೋಗಿ ನಿಲ್ತು, ಜಾರ್ಲಿಲ್ಲ. ಹೊಲಿಗೆ ಎಲ್ಲಾ ಪಕ್ಕಕ್ಕೆ ಹಾಕ್ಸಿದ್ವಿ, ಕೂರೋ ಜಾಗದಲ್ಲಿ ಒಂದೂ ಇಲ್ಲ. ಒಂದು ಎಚ್ಚರಿಕೆ, ಸೀಟು ಅಗಲ ಆದ್ರೆ ತೊಡೆ ಅಗಲ ಆಗಿ ಕಾಲು ನೆಲಕ್ಕೆ ಮುಟ್ಟೋದು ಕಮ್ಮಿಯಾಗತ್ತೆ, ಎತ್ತರ ಅಷ್ಟೇ ಇದ್ರೂನೂ. ಅದಕ್ಕೆ ಹಿಂದೆ ಅಗಲ, ಟ್ಯಾಂಕ್ ಹತ್ರ ಸಣ್ಣ ಇರ್ಲಿ.

ಹೊರಡೋಕೆ ಮುಂಚೆ 600 ಕಿಮೀ ಓಡಿಸಿ ನೋಡಿದೆ. ಸೀಟು ಲಾಕ್ ಟಕ್ ಅಂತ ಬಿದ್ದ ಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಕೆಳಗಿನ ರಬ್ಬರ್ ಗುಂಡಿಗಳು ಚೌಕಟ್ಟಿಗೆ ಸರಿಯಾಗಿ ಕೂತಿರ್ಬೇಕು, ವೈರ್ ಏನೂ ಸಿಕ್ಕಿಹಾಕ್ಕೊಂಡಿರ್ಬಾರ್ದು. ಆಮೇಲೆ ಒಂದು ಚೊಂಬು ನೀರು ಸೀಟ್ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು ಒರೆಸಿ, ಹೊಲಿಗೆ ಹತ್ರ ಟಿಶ್ಯೂ ಇಟ್ಟು ಜೋರಾಗಿ ಒತ್ತಿ. ಒದ್ದೆ ಆದ್ರೆ ಹೊಲಿಗೆ ತೂತಿಂದ ನೀರು ಒಳಗೆ ಹೋಗ್ತಿದೆ ಅಂತ. ನಮ್ಮದು ಸೋರ್ತಿತ್ತು, ವಾಪಸ್ ಕೊಟ್ಟು ಒಳಗಿಂದ ಟೇಪ್ ಹಾಕ್ಸಿದೆ, ಆ ಹತ್ತು ನಿಮಿಷದ ಕೆಲಸ ಮೂರನೇ ದಿನ ಕೈ ಹಿಡೀತು.

ಇನ್ನು ದಾರಿ. ಮೊದಲ ದಿನ 480 ಕಿಮೀ ಹೈವೇ, ಹೋದ್ವರ್ಷ ಉರಿ ಶುರುವಾಗಿದ್ದ 150 ಕಿಮೀ ಯಾವಾಗ ದಾಟಿದ್ವಿ ಅಂತಾನೇ ಗೊತ್ತಾಗ್ಲಿಲ್ಲ, ಪೆಟ್ರೋಲ್ ಹಾಕ್ಸೋವಾಗ ಮೀಟರ್ ನೋಡಿ ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಆದ್ರೂ ಗಂಟೆಗೊಂದ್ಸಲ ನಿಲ್ಸಿದ್ವಿ, ಎಷ್ಟೇ ಒಳ್ಳೇ ಸೀಟಾದ್ರೂ ಒತ್ತಡ ಬಿದ್ದ ಜಾಗಕ್ಕೆ ರಕ್ತ ವಾಪಸ್ ಹರೀಬೇಕಲ್ಲಾ. ನೋವು ಬರೋಕೆ ಮುಂಚೇನೇ ಇಳೀಬೇಕು, ಬಂದ ಮೇಲೆ ಇಳಿದ್ರೆ ಅವತ್ತೆಲ್ಲಾ ಹೋಗಲ್ಲ. ನೇರ, ಖಾಲಿ ರಸ್ತೇಲಿ ಫುಟ್‌ಪೆಗ್ ಮೇಲೆ ಹತ್ತಿಪ್ಪತ್ತು ಸೆಕೆಂಡ್ ಸ್ವಲ್ಪ ಎದ್ದು ನಿಂತ್ರೂ ಸಾಕು.

ಮೂರನೇ ದಿನ ಮಧ್ಯಾಹ್ನದಿಂದ ಸಂಜೆ ತನಕ ಮಳೆ. ಸೀಟು ಒಳಗೆ ಒದ್ದೆ ಆಗ್ಲಿಲ್ಲ, ನಾವು ಆದ್ವಿ. ಒದ್ದೆ ಬಟ್ಟೇಲೇ ಮುಂದುವರೀಬೇಡಿ ದಯವಿಟ್ಟು, ನೆನೆದ ಚರ್ಮ ಬೇಗ ಕಿತ್ತು ಬರತ್ತೆ, ಮುಂದಿನ ನಾಲ್ಕು ದಿನ ಅದನ್ನೇ ಅನುಭವಿಸ್ಬೇಕು. ಒಳಉಡುಪು ಕಾಟನ್ ಬೇಡ, ಬೆವರು ಹಿಡ್ಕೊಳ್ಳತ್ತೆ, ದಪ್ಪ ಹೊಲಿಗೆ ಇಲ್ಲದ, ಬೇಗ ಒಣಗೋ ಬಟ್ಟೆ ಎರಡು ಮೂರು ಜೊತೆ ಇಟ್ಕೊಳ್ಳಿ. ಸೈಕಲ್‌ನೋರ ಪ್ಯಾಡ್ ಇರೋ ಶಾರ್ಟ್ಸ್ ಒಂದಿನ ಹಾಕಿ ನೋಡಿದೆ, ಆ ಪ್ಯಾಡ್ ಸಣ್ಣ ಸೈಕಲ್ ಸೀಟಿಗೆ ಅಂತ ಮಾಡಿರೋದು, ಇಷ್ಟು ಅಗಲ ಸೀಟಲ್ಲಿ ಅದರ ಅಂಚೇ ಒತ್ತೋಕೆ ಶುರುವಾಯ್ತು, ನನಗೆ ಬೇಡ ಅನ್ನಿಸ್ತು. ಬಿಸಿಲಿದ್ದ ದಿನಗಳಲ್ಲಿ ಸೀಟಿನ ಮೇಲೆ ಜಾಳಿಗೆ ಥರದ ಮೆಶ್ ಕವರ್ ಹಾಕಿದ್ವಿ, ಕೆಳಗಿಂದ ಗಾಳಿ ಆಡೋದ್ರಿಂದ ಬೆವರು ನಿಲ್ಲಲ್ಲ. ಕುರಿ ಉಣ್ಣೆ ಹೊದಿಕೇನೂ ಇದೇ ಕೆಲಸ ಮಾಡತ್ತೆ, ಮಳೇಲಿ ಮಾತ್ರ ತೆಗೆದಿಡ್ಬೇಕು.

ಐದನೇ ದಿನ, ಹೋದ್ವರ್ಷ ತಿರುಗಿಸ್ಕೊಂಡು ಬಂದ ಜಾಗ ಬಂತು. ಪಕ್ಕಕ್ಕೆ ನಿಲ್ಸಿ ಸ್ವಲ್ಪ ಹೊತ್ತು ನಿಂತ್ವಿ, ನನ್ನ ಹೆಂಡತಿ ಏನೂ ಮಾತಾಡ್ಲಿಲ್ಲ, ಸೀಟಿನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿ ಹತ್ತಿ ಕೂತ್ಲು. ಅಲ್ಲಿಂದ ಮುಂದೆ ಎಲ್ಲಾ ಬೆಟ್ಟದ ರಸ್ತೆ. ತಿರುವುಗಳಲ್ಲಿ ಮೈ ಆ ಕಡೆ ಈ ಕಡೆ ಸರಿಸೋಕೆ ಜಾಗ ಬೇಕು, ಅಳತೆ ಸೀಟು ತೀರಾ ಬಟ್ಟಲಿನ ಥರ ಗುಳಿ ಮಾಡ್ಸಿದ್ರೆ ಒಂದೇ ಭಂಗೀಲಿ ಸಿಕ್ಕಿಹಾಕ್ಕೊಂಡ ಹಾಗಾಗತ್ತೆ. ನಮ್ಮದು ಹೆಚ್ಚುಕಮ್ಮಿ ಸಮತಟ್ಟು ಇದ್ದಿದ್ದು ಒಳ್ಳೇದೇ ಆಯ್ತು.

ಹಿಂದೆ ಕೂರೋರನ್ನ ಮರೀಬೇಡಿ. ಓಡಿಸೋರ ಥರ ಅವರ ಕೈಯಲ್ಲಿ ಹ್ಯಾಂಡಲ್ ಇರಲ್ಲ, ಪ್ರತಿ ಗುಂಡೀನೂ ಮುಂಚೆ ಗೊತ್ತಾಗದೇ ಬಡಿಯತ್ತೆ, ಹಿಂದಿನ ಸೀಟು ಸಾಮಾನ್ಯವಾಗಿ ತೆಳು ಬೇರೆ. ಅಳತೆ ಕೊಡೋಕೆ ಅವರನ್ನೂ ಕರ್ಕೊಂಡೇ ಹೋಗಿ, ಇಬ್ರೂ ಒಟ್ಟಿಗೆ ಗಾಡಿ ಮೇಲೆ ಕೂತು ನೋಡಿ. ನಾನು ಅವಳನ್ನ ಒಂದೇ ಸಲ ಕೂರ್ಸಿ ಸರಿ ಅಂದ್ಬಿಟ್ಟೆ, ಏಳನೇ ದಿನದ ಹೊತ್ತಿಗೆ ಅವಳ ಸೀಟು ಹಿಂದಕ್ಕೆ ವಾಲಿದ ಹಾಗಾಗಿ ಬಾಲದ ಮೂಳೆ ನೋವು ಬಂತು. ಸ್ವೆಟರ್ ಮಡಚಿ ಹಿಂಭಾಗಕ್ಕೆ ಇಟ್ಟು ಬೆಲ್ಟ್ ಕಟ್ಟಿ ಉಳಿದ ಎರಡು ದಿನ ಕಳೆದ್ವಿ. ಹಿಂಭಾಗ ಒಂದಿಂಚು ಎತ್ತರಿಸ್ಬೇಕು ಅಂತ ಅವಳೇ ಟೇಪ್ ಹಿಡಿದು ಗುರುತು ಹಾಕಿಟ್ಟಿದಾಳೆ, ಮುಂದಿನ ವಾರ ಸೀಟು ಬಿಚ್ಚಿಸೋಕೆ ಇಬ್ರೂ ಹೋಗ್ತಿದೀವಿ.